ದವಾಖಾನೆಯಿಂದ ಮನೆಗೆ ಹೋಗುವ ಮುನ್ನ: ನಮ್ಮ ಭಾಗದವರಿಗೆ ದೊರೆಯುವ ನೆರವು



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಚಿಕಿತ್ಸೆಗೆ ಬರುವವರಲ್ಲಿ ಹೆಚ್ಚಿನವರು ಒಕ್ಕಲುತನ ಮಾಡುವವರು, ಕೂಲಿಯವರು, ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ದುಡಿಯುವವರು, ಫರಸಿ ಕಲ್ಲಿನ ಗಣಿ ಮತ್ತು ಪಾಲಿಶ್ ಘಟಕಗಳಲ್ಲಿ ಕೆಲಸ ಮಾಡುವವರು. ಮನೆಯಲ್ಲಿ ದೊಡ್ಡ ರೋಗ ಬಂದಾಗ ಇವರು ಮೊದಲು ಯೋಚಿಸುವುದು ಸಾಲದ ಬಗ್ಗೆ. ತೊಗರಿ ಮಾರಿದ ಹಣ ಮುಗಿಯುತ್ತದೆ, ಆಮೇಲೆ ಮೈಮೇಲಿನ ಬಂಗಾರ ಒತ್ತೆ ಬೀಳುತ್ತದೆ, ಆಮೇಲೆ ಬಡ್ಡಿ ಸಾಲ, ಕೊನೆಗೆ ಹೊಲ. ಇಷ್ಟೆಲ್ಲ ಆದ ಮೇಲೆ ಯಾರೋ ಒಬ್ಬರು ಹೇಳುತ್ತಾರೆ: ಈ ಆಪರೇಷನ್ ಸರ್ಕಾರದ ಯೋಜನೆಯಲ್ಲಿ ಉಚಿತವಾಗಿ ಆಗುತ್ತಿತ್ತಲ್ಲ ಎಂದು.

ಆಗ ಓಡಾಡಿ ಪ್ರಯೋಜನ ಕಡಿಮೆ. ಇಂಥ ಯೋಜನೆಗಳಲ್ಲಿ ಚಿಕಿತ್ಸೆಗೆ ಮೊದಲೇ ಮಂಜೂರಾತಿ ಪಡೆಯಬೇಕಾಗುತ್ತದೆ. ನಾವು ಕೈಯಿಂದ ಕಟ್ಟಿದ ಹಣ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. ನೆರವು ಇದೆ, ಆದರೆ ಅದು ಒಂದೇ ಬಾಗಿಲಲ್ಲಿ ಇಲ್ಲ. ಒಂದು ಆಸ್ಪತ್ರೆಯಲ್ಲಿ, ಒಂದು ನಾಡಕಚೇರಿಯಲ್ಲಿ, ಒಂದು ಗ್ರಾಮ ಪಂಚಾಯಿತಿಯಲ್ಲಿ, ಇನ್ನೊಂದು ರೈಲ್ವೆ ಸ್ಟೇಷನ್ನಿನ ಕೌಂಟರಿನಲ್ಲಿ ಇದೆ. ಯಾವ ಬಾಗಿಲನ್ನು ಮೊದಲು ತಟ್ಟಬೇಕು, ಯಾವ ಕಾಗದವನ್ನು ಇಲ್ಲಿಂದ ಹೊರಡುವ ಮುನ್ನವೇ ಪಡೆದುಕೊಳ್ಳಬೇಕು ಎಂಬುದನ್ನು ತಿಳಿಸಲು ಈ ಬರಹ.

ಮೊದಲು ರೇಶನ್ ಕಾರ್ಡು ತೆಗೆದು ನೋಡಿ

ಬಡವರ ದೊಡ್ಡ ಚಿಕಿತ್ಸೆಗೆ ಸರ್ಕಾರ ಹಣ ಕೊಡುವ ಪದ್ಧತಿ ನಮ್ಮ ಭಾಗಕ್ಕೆ ಹೊಸದಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ರಾಜ್ಯದಲ್ಲಿ ಮೊದಲು ಆರಂಭವಾದದ್ದು ಆಗಿನ ಗುಲಬರ್ಗಾ ವಿಭಾಗದಲ್ಲಿಯೇ. ಈಗಲೂ ಹಳ್ಳಿಯ ಹಿರಿಯರು ಅದೇ ಹೆಸರು ಹೇಳಿ ವಿಚಾರಿಸುತ್ತಾರೆ. ಆ ಯೋಜನೆ ಈಗ ಪ್ರತ್ಯೇಕವಾಗಿ ಇಲ್ಲ. 2018ರಲ್ಲಿ ಅದನ್ನೂ ಇತರ ಕೆಲವು ಯೋಜನೆಗಳನ್ನೂ ಸೇರಿಸಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂದು ಒಂದೇ ಯೋಜನೆ ಮಾಡಲಾಯಿತು. ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡು ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದರಲ್ಲಿ ದೊರೆಯುತ್ತದೆ. ಎಪಿಎಲ್ ಕಾರ್ಡಿನವರಿಗೆ ನಿಗದಿತ ದರದ ಶೇ. 30 ಭಾಗವನ್ನು ಮಾತ್ರ ಸರ್ಕಾರ ಭರಿಸುತ್ತದೆ, ಅದೂ ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದ ಮಿತಿಯಲ್ಲಿ. ಉಳಿದ ಶೇ. 70 ಭಾಗವನ್ನು ರೋಗಿಯೇ ಕಟ್ಟಬೇಕು.

ಈ ವ್ಯತ್ಯಾಸವನ್ನು ಗಮನವಿಟ್ಟು ನೋಡಿ. ಮನೆಯಲ್ಲಿ ಬಿಪಿಎಲ್ ಕಾರ್ಡು ಇದ್ದರೆ ಸಾಲದು, ರೋಗಿಯ ಹೆಸರು ಆ ಕಾರ್ಡಿನಲ್ಲಿ ಇರಬೇಕು. ತೊಂದರೆ ಆಗುವುದು ಇಲ್ಲಿಯೇ. ಚಿಂಚೋಳಿ ಕಡೆಯ ಹೆಣ್ಣುಮಗಳು ಮದುವೆಯಾಗಿ ಸೇಡಂಗೆ ಹೋಗಿರುತ್ತಾಳೆ. ತವರಿನ ಕಾರ್ಡಿನಿಂದ ಹೆಸರು ತೆಗೆಸಿರುತ್ತಾರೆ, ಗಂಡನ ಮನೆಯ ಕಾರ್ಡಿಗೆ ಸೇರಿಸಿರುವುದಿಲ್ಲ. ಹುಟ್ಟಿ ಎರಡು ವರ್ಷವಾದ ಕೂಸಿನ ಹೆಸರು ಎಲ್ಲಿಯೂ ಇರುವುದಿಲ್ಲ. ಪುಣೆ, ಮುಂಬಯಿ, ಹೈದರಾಬಾದ್ ಕಡೆ ದುಡಿಯಲು ಹೋದವರ ಆಧಾರ್‌ನಲ್ಲಿ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಇನ್ನೊಂದು ಹೆಸರು. ಆಪರೇಷನ್ ಟೇಬಲ್ಲಿನ ಹತ್ತಿರ ಬಂದಾಗ ಇದು ಗೊತ್ತಾದರೆ ಅವರನ್ನು ಸಾಮಾನ್ಯ ರೋಗಿ ಎಂದೇ ಲೆಕ್ಕ ಹಿಡಿಯಲಾಗುತ್ತದೆ. ಒಂದು ಹೆಸರು ಬಿಟ್ಟುಹೋದದ್ದಕ್ಕೆ ಲಕ್ಷಗಟ್ಟಲೆ ಹೊರೆ.

ಆದ್ದರಿಂದ ರೋಗ ಇಲ್ಲದಿರುವಾಗಲೇ ಮನೆಯ ಎಲ್ಲರ ಹೆಸರನ್ನೂ ಕಾರ್ಡಿನಲ್ಲಿ ಸೇರಿಸಿ, ಆಧಾರ್ ಜೋಡಿಸಿ ಇಟ್ಟುಕೊಳ್ಳಿ. ಆಹಾರ ಇಲಾಖೆ ತಿದ್ದುಪಡಿಗೆ ಅವಕಾಶ ಕೊಟ್ಟಿರುವ ದಿನಗಳಲ್ಲಿ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಹಾಕಬಹುದು.

ಸಹಕಾರ ಸಂಘದ ಸದಸ್ಯರಾದ ರೈತರಿಗೆ ಯಶಸ್ವಿನಿ ಯೋಜನೆ ಬೇರೆಯೇ ಇದೆ. 2018ರಲ್ಲಿ ನಿಂತುಹೋಗಿದ್ದ ಇದನ್ನು 2022–23ರಲ್ಲಿ ಮತ್ತೆ ಆರಂಭಿಸಲಾಗಿದೆ. ಇದಕ್ಕೆ ಪ್ರತಿವರ್ಷ ನಿಗದಿತ ಅವಧಿಯೊಳಗೆ ನಿಮ್ಮ ಸೊಸೈಟಿಯಲ್ಲಿ ವಂತಿಗೆ ಕಟ್ಟಿ ನೋಂದಾಯಿಸಬೇಕು. ಹಾಸಿಗೆ ಹಿಡಿದ ಮೇಲೆ ನೋಂದಣಿ ಮಾಡಿಸುತ್ತೇವೆಂದರೆ ಆಗುವುದಿಲ್ಲ.

ಶಿಫಾರಸು ಪತ್ರ

ಎರಡನೆಯ ಮಾತು ಶಿಫಾರಸು ಪತ್ರದ್ದು. ಜನ ಇದನ್ನು ರೆಫರ್ ಚೀಟಿ ಎನ್ನುತ್ತಾರೆ. ಆರೋಗ್ಯ ಕರ್ನಾಟಕದಲ್ಲಿ ಹೃದಯ, ಕಿಡ್ನಿ, ಕ್ಯಾನ್ಸರ್ ಮುಂತಾದ ದೊಡ್ಡ ಚಿಕಿತ್ಸೆಗೆ ನೀವಾಗಿಯೇ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾದರೆ ಯೋಜನೆಯ ಹಣ ಸಿಗುವುದು ಕಷ್ಟ. ಮೊದಲು ಸರ್ಕಾರಿ ಆಸ್ಪತ್ರೆಗೆ, ಎಂದರೆ ನಿಮ್ಮ ತಾಲ್ಲೂಕು ಆಸ್ಪತ್ರೆ ಅಥವಾ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ತೋರಿಸಬೇಕು. ಅಲ್ಲಿ ಆ ಚಿಕಿತ್ಸೆ ಇದ್ದರೆ ಅಲ್ಲಿಯೇ ಮಾಡುತ್ತಾರೆ, ಇಲ್ಲದಿದ್ದರೆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಪತ್ರ ಬರೆದುಕೊಡುತ್ತಾರೆ. ಹೃದಯಾಘಾತ, ಅಪಘಾತ ಮುಂತಾಗಿ ತುರ್ತು ಎಂದು ಗುರುತಿಸಿದ ಸಂದರ್ಭಗಳಲ್ಲಿ ಈ ಪತ್ರಕ್ಕಾಗಿ ಕಾಯಬೇಕಾಗಿಲ್ಲ. ಆಗ ಹತ್ತಿರದ ಪಟ್ಟಿಯ ಆಸ್ಪತ್ರೆಗೆ ನೇರವಾಗಿ ಹೋಗಿ. ಜೀವಕ್ಕಿಂತ ಚೀಟಿ ದೊಡ್ಡದಲ್ಲ.

ಪಟ್ಟಿಯಲ್ಲಿರುವ ಪ್ರತಿ ಆಸ್ಪತ್ರೆಯಲ್ಲೂ "ಆರೋಗ್ಯ ಮಿತ್ರ" ಎಂಬ ಸಿಬ್ಬಂದಿ ಇರುತ್ತಾರೆ. ಹಣ ಕಟ್ಟುವ ಕೌಂಟರಿಗೆ ಹೋಗುವ ಮೊದಲು ಅವರನ್ನು ಕಾಣಿರಿ. ರೇಶನ್ ಕಾರ್ಡು, ಆಧಾರ್, ಶಿಫಾರಸು ಪತ್ರ, ವೈದ್ಯರ ವರದಿ ಈ ನಾಲ್ಕನ್ನು ತೋರಿಸಿದರೆ ಮಂಜೂರಾತಿಗೆ ಕಳುಹಿಸುವ ಕೆಲಸ ಅವರದು.

ಸೇಡಂ, ಚಿಂಚೋಳಿ ಗಡಿಯವರಿಗೆ ಒಂದು ಮಾತು. ತಾಂಡೂರು, ಹೈದರಾಬಾದ್ ನಿಮಗೆ ಕೈಗೆ ಹತ್ತಿರ, ರೂಢಿಯೂ ಹಳೆಯದು. ಆದರೆ ಗಡಿಯಾಚೆಯ ಆಸ್ಪತ್ರೆ ನಮ್ಮ ಯೋಜನೆಯ ಕಾರ್ಡನ್ನು ಒಪ್ಪುತ್ತದೆಯೇ ಎಂಬುದನ್ನು ಹೊರಡುವ ಮುನ್ನ 104ಕ್ಕೆ ಅಥವಾ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕರೆ ಮಾಡಿ ಕೇಳಿಕೊಳ್ಳಿ. ಹಿಂದೆ ಹೃದಯದ ಕಾಯಿಲೆಗೆ ಸೊಲ್ಲಾಪುರ, ಹೈದರಾಬಾದ್, ಬೆಂಗಳೂರು ಬಿಟ್ಟರೆ ದಾರಿ ಇರಲಿಲ್ಲ ಎಂಬುದು ನಿಜ. ಈಗ ಕಲಬುರಗಿಯಲ್ಲಿಯೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡಿದೆ. (ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ಕಲಮಿನ ನೆನಪಿಗೆ ಆ ಸಂಖ್ಯೆ.) ಕ್ಯಾನ್ಸರಿಗೆ ಕಿದ್ವಾಯಿ ಸಂಸ್ಥೆಯ ಘಟಕವೂ ಕಲಬುರಗಿಯಲ್ಲಿದೆ.

ಕಿಡ್ನಿ ರೋಗಿಗಳು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗಾಗಿ ನಗರಕ್ಕೆ ಓಡಾಡಿ ಸುಸ್ತಾಗುತ್ತಾರೆ. ಸರ್ಕಾರ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಉಚಿತ ಡಯಾಲಿಸಿಸ್ ನಡೆಸುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಹೆಸರು ಬರೆಸಿಡಿ. ಸರದಿ ಇದ್ದರೂ ಬಿಡಬೇಡಿ.

ಕಾರ್ಖಾನೆಯಲ್ಲಿ ದುಡಿಯುವವರಿಗೆ

ವಾಡಿ, ಸೇಡಂ, ಮಳಖೇಡ, ಶಹಾಬಾದ್ ಕಡೆಯ ಕಾರ್ಮಿಕರು ಒಂದು ಕೆಲಸ ಮಾಡಿರಿ. ನಿಮ್ಮ ಸಂಬಳದ ಚೀಟಿ ತೆಗೆದು ಅದರಲ್ಲಿ ಇಎಸ್‌ಐ ಎಂದು ಹಣ ಮುರಿದಿದ್ದಾರೆಯೇ ನೋಡಿ. ಮುರಿಯುವುದು ಸಂಬಳದ ಶೇ. 0.75 ಮಾತ್ರ, ಮಾಲೀಕರು ಅದಕ್ಕೆ ಶೇ. 3.25 ಸೇರಿಸುತ್ತಾರೆ. ಗುತ್ತಿಗೆದಾರರ ಕೆಳಗೆ ದುಡಿಯುವವರಿಗೂ ಈ ಹಕ್ಕು ಇದೆ. ಪ್ರತಿ ತಿಂಗಳು ಹಣ ಕೊಡುತ್ತಲೇ ಇದ್ದು, ರೋಗ ಬಂದಾಗ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸಾಲ ಮಾಡಿ ಮಲಗುವವರನ್ನು ಕಂಡಾಗ ಬೇಸರವಾಗುತ್ತದೆ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್‌ಐ ನಿಗಮದ ದೊಡ್ಡ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಇದೆ. ವಿಮೆ ಇರುವ ಕಾರ್ಮಿಕನಿಗೆ, ಅವನ ಹೆಂಡತಿ ಮಕ್ಕಳಿಗೆ, ಅವನನ್ನೇ ನಂಬಿಕೊಂಡಿರುವ ತಂದೆ ತಾಯಿಗೆ ಅಲ್ಲಿ ಚಿಕಿತ್ಸೆ ಸಿಗುತ್ತದೆ.

ಇಎಸ್‌ಐ ಚಿಕಿತ್ಸೆಗೆ ಮಾತ್ರವಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಹಣ ಕೊಡುತ್ತಾರೆ. ಕ್ಷಯ, ಕ್ಯಾನ್ಸರ್ ಮುಂತಾದ ದೀರ್ಘ ರೋಗಗಳಿಗೆ ಶೇ. 80ರಂತೆ ಎರಡು ವರ್ಷದವರೆಗೂ ಸಿಗಬಹುದು. ಕೆಲಸದ ವೇಳೆ ಗಾಯವಾದರೆ ಮೊದಲ ದಿನದಿಂದಲೇ ಲೆಕ್ಕ. ಆದರೆ ಗಾಯವಾದದ್ದನ್ನು ಆ ದಿನವೇ ಕಾರ್ಖಾನೆಯ ಪುಸ್ತಕದಲ್ಲಿ ಬರೆಸಬೇಕು. "ಮನೆಯಲ್ಲಿ ಜಾರಿ ಬಿದ್ದ" ಎಂದು ಬರೆಸಿರಿ, ಖರ್ಚು ನಾವು ನೋಡಿಕೊಳ್ಳುತ್ತೇವೆ ಎಂದು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ಆಸ್ಪತ್ರೆಯ ಕೇಸ್ ಪೇಪರಿನಲ್ಲಿ ಒಮ್ಮೆ ಹಾಗೆ ಬರೆದ ಮೇಲೆ ಅದನ್ನು ಬದಲಾಯಿಸುವುದು ಯಾರಿಗೂ ಸುಲಭವಲ್ಲ. ವೈದ್ಯರು ಕೇಳಿದಾಗ ನಡೆದದ್ದನ್ನು ನಡೆದಂತೆ ಹೇಳಿರಿ.

ಕಲ್ಲಿನ ಗಣಿಯವರು ತಮಗೆ ವಿಮೆ ಇದೆಯೇ ಎಂದು ಮಾಲೀಕರನ್ನು ಕೇಳಿ ತಿಳಿದುಕೊಳ್ಳಬೇಕು. ಇಲ್ಲದಿದ್ದರೂ ಕೆಲಸದ ಮೇಲಿದ್ದಾಗ ಕೈಕಾಲು ಹೋದರೆ, ಜೀವ ಹೋದರೆ, ಪರಿಹಾರ ಕೊಡುವುದು ಕಾನೂನಿನಂತೆ ಮಾಲೀಕರ ಹೊಣೆ. ಇದಕ್ಕೆ ವಕೀಲರ ಫೀ ಕೊಡಲು ಆಗದವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಅಲ್ಲಿ ವಕೀಲರನ್ನು ಉಚಿತವಾಗಿ ನೇಮಿಸಿಕೊಡುತ್ತಾರೆ. ಸಹಾಯವಾಣಿ 15100. ಚಿಕಿತ್ಸೆಗೆಂದು ಪಡೆದ ಸಾಲಕ್ಕೆ ಮನೆ ಬಾಗಿಲಿಗೆ ಬಂದು ಬೆದರಿಸುವ ಸಾಲಗಾರರ ವಿರುದ್ಧ 2025ರಲ್ಲಿ ರಾಜ್ಯದಲ್ಲಿ ಹೊಸ ಕಾನೂನು ಬಂದಿದೆ. ಅದರ ಮಾಹಿತಿಯೂ ಅಲ್ಲಿಯೇ ಸಿಗುತ್ತದೆ.

ಕಟ್ಟಡ ಕೆಲಸದವರು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕಾರ್ಮಿಕ ಇಲಾಖೆಯಿಂದ ಕಾರ್ಮಿಕ ಕಾರ್ಡು ಪಡೆಯಬಹುದು. ಹೆರಿಗೆಗೂ ಆಪರೇಷನ್ನಿಗೂ ಮಂಡಳಿಯಿಂದ ಸಹಾಯಧನ ಇದೆ. ಕಾರ್ಡನ್ನು ನವೀಕರಿಸುತ್ತಿರಬೇಕು.

ಕೆಮ್ಮು ನಿಂತಿತು ಎಂದು ಗುಳಿಗೆ ಬಿಡಬೇಡಿ

ಕ್ಷಯದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಔಷಧವೂ ಪೂರ್ತಿ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಔಷಧ ತೆಗೆದುಕೊಳ್ಳಬೇಕು. ಎರಡನೇ ತಿಂಗಳಿಗೆ ಕೆಮ್ಮು ನಿಂತು ಊಟ ಸೇರುತ್ತದೆ. ಆಗಲೇ ಎಷ್ಟೋ ಜನ ಗುಳಿಗೆ ಬಿಟ್ಟು ಕೆಲಸಕ್ಕೆ, ಕೆಲವರು ಮುಂಬಯಿ ಕಡೆಗೂ ಹೊರಟುಬಿಡುತ್ತಾರೆ. ರೋಗ ಮರಳಿ ಬಂದಾಗ ಮೊದಲಿನ ಗುಳಿಗೆಗೆ ಬಗ್ಗದಿರಬಹುದು. ಅಷ್ಟರಲ್ಲಿ ಅದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ಹರಡಿರಬಹುದು.

ದುಡಿಯಲು ಹೋಗದಿದ್ದರೆ ಉಣ್ಣುವುದೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕಾಗಿಯೇ ನಿಕ್ಷಯ್ ಪೋಷಣ್ ಯೋಜನೆ 2018ರಲ್ಲಿ ಬಂದಿತು. ಮೊದಲು ತಿಂಗಳಿಗೆ 500 ರೂಪಾಯಿ ಇದ್ದದ್ದನ್ನು 2024ರ ನವೆಂಬರಿನಿಂದ 1,000 ರೂಪಾಯಿ ಮಾಡಲಾಗಿದೆ. ಚಿಕಿತ್ಸೆ ನಡೆಯುವಷ್ಟು ಕಾಲ ಇದು ರೋಗಿಯ ಬ್ಯಾಂಕ್ ಖಾತೆಗೆ ಬರುತ್ತದೆ. ಖಾಸಗಿ ವೈದ್ಯರ ಬಳಿ ಚಿಕಿತ್ಸೆ ಪಡೆಯುವವರಿಗೂ ಇದೆ, ವೈದ್ಯರು ನಿಮ್ಮ ಹೆಸರನ್ನು ಸರ್ಕಾರಕ್ಕೆ ತಿಳಿಸಿರಬೇಕು ಅಷ್ಟೆ. ಆ ಹಣದಲ್ಲಿ ಟಾನಿಕ್ ಬಾಟಲಿ ಕೊಳ್ಳುವುದಕ್ಕಿಂತ ತೊಗರಿ ಬೇಳೆ, ಶೇಂಗಾ, ಮೊಟ್ಟೆ, ಹಾಲು ಕೊಳ್ಳುವುದು ಒಳ್ಳೆಯದು. ಕೆಲಸಕ್ಕೆ ಪರ ಊರಿಗೆ ಹೋಗಲೇಬೇಕಾದರೆ ಆಶಾ ಕಾರ್ಯಕರ್ತೆಗೆ ತಿಳಿಸಿ ಹೋಗಿ, ಆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಮುಂದುವರಿಸಲು ವ್ಯವಸ್ಥೆ ಆಗುತ್ತದೆ. ರೇಶನ್ನನ್ನೂ ಈಗ ಬೇರೆ ರಾಜ್ಯದಲ್ಲಿ ಅದೇ ಕಾರ್ಡಿನ ಮೇಲೆ ಪಡೆಯಬಹುದು.

ಪಿಂಚಣಿ, ಅಂಗವಿಕಲರ ಕಾರ್ಡು

ಪಾರ್ಶ್ವವಾಯು ಹೊಡೆದವರು, ಕಾಲು ತೆಗೆಸಿಕೊಂಡವರು, ಕಣ್ಣು ಕಿವಿ ಹೋದವರು ಅಂಗವಿಕಲರ ಪ್ರಮಾಣ ಪತ್ರಕ್ಕೆ ಅರ್ಜಿ ಹಾಕಬಹುದು. 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಥಲಸ್ಸೀಮಿಯಾ, ಸಿಕಲ್ ಸೆಲ್, ಮಾನಸಿಕ ಕಾಯಿಲೆಗಳೂ ಅದರಲ್ಲಿ ಸೇರಿವೆ. ಶೇ. 40ಕ್ಕಿಂತ ಕಡಿಮೆ ಇಲ್ಲದ ವೈಕಲ್ಯ ಇದ್ದರೆ ಮಾಸಾಶನಕ್ಕೆ ಅರ್ಹತೆ ಬರುತ್ತದೆ, ಶೇ. 75ಕ್ಕಿಂತ ಹೆಚ್ಚಿದ್ದರೆ ಮೊತ್ತವೂ ಹೆಚ್ಚು. ಇದಕ್ಕೆ ಯಾರನ್ನು ಹಿಡಿಯಬೇಕು ಎಂದು ಜನ ಏಜೆಂಟರ ಹಿಂದೆ ಅಲೆಯುತ್ತಾರೆ. ಅವಶ್ಯಕತೆ ಇಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕಿನಲ್ಲಿ ಅವರ ಮೇಲೊಬ್ಬರು ಇರುತ್ತಾರೆ. ಹೆಚ್ಚಿನ ಕಡೆ ಅವರೂ ಅಂಗವಿಕಲರೇ, ಈ ದಾರಿಯನ್ನು ತಾವೇ ನಡೆದು ಬಂದವರು. ಅರ್ಜಿ ತುಂಬುವುದು, ವೈದ್ಯರ ಮಂಡಳಿಯ ಮುಂದೆ ಕರೆದೊಯ್ಯುವುದು, ಬಸ್ ಪಾಸ್, ಗಾಲಿಕುರ್ಚಿ ಕೊಡಿಸುವುದು ಅವರ ಕೆಲಸ. ಪಂಚಾಯಿತಿಯಲ್ಲಿ ಅವರ ಹೆಸರು ಕೇಳಿರಿ.

60 ವರ್ಷ ದಾಟಿದ ಬಡವರಿಗೆ ವೃದ್ಧಾಪ್ಯ ವೇತನ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ, ಗಂಡನನ್ನು ಕಳೆದುಕೊಂಡವರಿಗೆ ವಿಧವಾ ವೇತನ ಇದೆ. ಅರ್ಜಿ ನಾಡಕಚೇರಿಯಲ್ಲಿ. ಇಲ್ಲಿ ಒಂದು ಗೊಂದಲ ಆಗಾಗ ಆಗುತ್ತದೆ: ಶಹಾಬಾದ್ ಮತ್ತು ಕಾಳಗಿ 2018ರಲ್ಲಿ ಹೊಸ ತಾಲ್ಲೂಕುಗಳಾದವು. ವಾಡಿ ಪಟ್ಟಣ ಚಿತ್ತಾಪುರ ತಾಲ್ಲೂಕಿನಲ್ಲಿಯೇ ಉಳಿದಿದೆ. ಮೊದಲು ಚಿತ್ತಾಪುರ, ಚಿಂಚೋಳಿಗೆ ಸೇರಿದ್ದ ಕೆಲವು ಹಳ್ಳಿಗಳ ಕಚೇರಿ ಈಗ ಕಾಳಗಿಯಲ್ಲಿದೆ. ಹಳೆಯ ರೂಢಿಯಂತೆ ಹೋಗಿ ದಿನ ಕಳೆದುಕೊಳ್ಳುವ ಮೊದಲು ಗ್ರಾಮ ಲೆಕ್ಕಿಗರನ್ನು ಕೇಳಿಕೊಳ್ಳಿ.

ಮನೆಯ ದುಡಿಯುವ ಜೀವವೇ ಹೋದಾಗ ಕಾಗದದ ಮಾತು ಆಡುವುದು ಕಠಿಣ. ಆದರೂ ಹೇಳಬೇಕು. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ತೀರಿಕೊಂಡವರ ವಯಸ್ಸು 18ರಿಂದ 59ರೊಳಗೆ ಇದ್ದು, ಅವರೇ ಮನೆಯ ಮುಖ್ಯ ದುಡಿಮೆಗಾರರಾಗಿದ್ದು, ಬಿಪಿಎಲ್ ಕುಟುಂಬವಾಗಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಒಮ್ಮೆ ಕೊಡುತ್ತಾರೆ. ಮರಣ ಪ್ರಮಾಣ ಪತ್ರವಿಲ್ಲದೆ ಇದಾವುದೂ ನಡೆಯುವುದಿಲ್ಲ.

ಬರುವುದು ಹೋಗುವುದು

ತುರ್ತಿಗೆ 108 ಆಂಬುಲೆನ್ಸ್ 2008ರಿಂದ ನಮ್ಮ ರಾಜ್ಯದಲ್ಲಿ ಓಡುತ್ತಿದೆ, ಬಾಡಿಗೆ ಕೊಡಬೇಕಾಗಿಲ್ಲ. ತಾಂಡಾಗಳಿಂದ ಕರೆ ಮಾಡುವವರು ಹತ್ತಿರದ ಊರು, ಶಾಲೆ ಅಥವಾ ಗುಡಿಯ ಗುರುತು ಹೇಳಿ, ಒಬ್ಬರನ್ನು ಡಾಂಬರು ರಸ್ತೆಯವರೆಗೆ ಕಳುಹಿಸಿ. ಹೆರಿಗೆಗೆ ಸರ್ಕಾರಿ ಆಸ್ಪತ್ರೆಗೆ ಹೋದ ಬಾಣಂತಿ ಮತ್ತು ಕೂಸನ್ನು ಮನೆಗೆ ಬಿಡಲು "ನಗು ಮಗು" ವಾಹನವಿದೆ. ಬಿಡುಗಡೆಯ ದಿನ ಕೇಳಿರಿ. ರಸ್ತೆ ಅಪಘಾತದ ಗಾಯಾಳುವಿಗೆ 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ಮೊದಲ ಏಳು ದಿನ 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಗಾಯಾಳುವನ್ನು ಆಸ್ಪತ್ರೆಗೆ ತಂದವರನ್ನು ಸಾಕ್ಷಿ ಹೇಳಲೇಬೇಕು ಎಂದು ಯಾರೂ ಒತ್ತಾಯಿಸುವಂತಿಲ್ಲ. ಹೆದರಿ ಬಿಟ್ಟುಹೋಗಬೇಡಿ.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆಧಾರ್ ಜೊತೆಗಿರಲಿ.

ರೈಲಿನ ರಿಯಾಯಿತಿಯನ್ನು ಮಾತ್ರ ನಮ್ಮ ಜನ ಬಹಳ ಕಡಿಮೆ ಬಳಸುತ್ತಾರೆ. ವಾಡಿ ಜಂಕ್ಷನ್, ಶಹಾಬಾದ್, ಚಿತ್ತಾಪುರ, ಸೇಡಂ ಎಲ್ಲವೂ ರೈಲು ಹಾದಿಯಲ್ಲಿವೆ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿ ಬರಲು ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ. ಹೃದಯದ ಶಸ್ತ್ರಚಿಕಿತ್ಸೆಗೆ, ಡಯಾಲಿಸಿಸ್ ಅಥವಾ ಕಿಡ್ನಿ ಕಸಿಗೆ ಹೋಗುವವರಿಗೂ, ಥಲಸ್ಸೀಮಿಯಾ, ಕ್ಷಯ ರೋಗಿಗಳಿಗೂ ಶೇ. 75 ಇದೆ. ಹಿರಿಯ ನಾಗರಿಕರ ರಿಯಾಯಿತಿಯನ್ನು 2020ರಲ್ಲಿ ನಿಲ್ಲಿಸಿದ್ದರಿಂದ ಇದೂ ನಿಂತಿದೆ ಎಂದು ಹಲವರು ತಿಳಿದಿದ್ದಾರೆ, ಹಾಗಿಲ್ಲ. ರೈಲ್ವೆಯವರದೇ ಒಂದು ನಮೂನೆ ಇದೆ. ಅದನ್ನು ಆಸ್ಪತ್ರೆಯ ವೈದ್ಯರಿಂದ ತುಂಬಿಸಿ ಸಹಿ, ಮೊಹರು ಹಾಕಿಸಿ ಟಿಕೆಟ್ ಕೌಂಟರಿನಲ್ಲಿ ಕೊಡಬೇಕು. ಬಿಡುಗಡೆಯ ದಿನವೇ ಇದನ್ನು ಕೇಳಿ ಪಡೆಯಿರಿ. ಸಹಿಗಾಗಿಯೇ ಇನ್ನೊಮ್ಮೆ ಬರುವುದು ಬೇಡ.

ಅದೇ ದಿನ ಕೈಗೆ ತೆಗೆದುಕೊಳ್ಳಬೇಕಾದ ಇನ್ನಷ್ಟು: ಬಿಡುಗಡೆ ಪತ್ರ, ರೋಗದ ಹೆಸರು ಬರೆದ ವೈದ್ಯರ ಚೀಟಿ, ಎಲ್ಲ ಬಿಲ್ಲುಗಳ ಮೂಲ ಪ್ರತಿ. ಯೋಜನೆಯಲ್ಲಿ ಬಾರದ ಖರ್ಚಿಗೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವಾಗ ಮೂಲ ಬಿಲ್ಲುಗಳೇ ಬೇಕಾಗುತ್ತವೆ. ಎಕ್ಸ್‌ರೇ ಫಿಲ್ಮಿನ ಹಾಗೆ ಅವನ್ನೂ ಒಂದೇ ಚೀಲದಲ್ಲಿ ಇಡಿ, ಯಾರಿಗೂ ಮೂಲ ಪ್ರತಿ ಕೊಟ್ಟು ಬರಬೇಡಿ, ಜೆರಾಕ್ಸ್ ಕೊಡಿ.

ಜೊತೆಗಿರುವವರಿಗೆ

ರೋಗಿಗೆ ಊಟ, ಔಷಧ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ವರಾಂಡದಲ್ಲಿ ಚಾಪೆ ಹಾಸಿ ಕುಳಿತ ತಾಯಿ, ಹೆಂಡತಿ, ತಮ್ಮ ಉಂಡರೋ ಇಲ್ಲವೋ ಯಾರೂ ಕೇಳುವುದಿಲ್ಲ. ಕಲಬುರಗಿಯಲ್ಲಿ ಉಳಿಯಬೇಕಾದವರಿಗೆ ಶರಣಬಸವೇಶ್ವರ ಸಂಸ್ಥಾನದ ದಾಸೋಹ ಇದೆ. ಅಲ್ಲಿ ಜಾತಿ, ಊರು ಕೇಳುವುದಿಲ್ಲ. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ನಾಷ್ಟಾ, 10 ರೂಪಾಯಿಗೆ ಊಟ. ದಾಸೋಹದಲ್ಲಿ ಕೂರಲು ಕೆಲವರು ಸಂಕೋಚಪಡುತ್ತಾರೆ. ದಾಸೋಹದ ಅನ್ನ ಭಿಕ್ಷೆಯಲ್ಲ. ಈ ಭಾಗದ ರೈತರು ಕೊಟ್ಟ ಜೋಳ, ತೊಗರಿಯೇ ಅಲ್ಲಿ ಬೇಯುವುದು. ಸರ್ಕಾರದ ಯೋಜನೆಗೂ ಇದೇ ಮಾತು ಸಲ್ಲುತ್ತದೆ. ಅದು ನೀವು ಕೊಳ್ಳುವ ಬೆಂಕಿಪೊಟ್ಟಣದ ತೆರಿಗೆಯಿಂದಲೂ ನಡೆಯುತ್ತದೆ.

ತಿಂಗಳುಗಟ್ಟಲೆ ರೋಗಿಯನ್ನು ನೋಡಿಕೊಂಡವರಿಗೆ ನಿದ್ದೆ ಬಾರದಿರುವುದು, ಸಣ್ಣದಕ್ಕೆ ಅಳು, ಸಿಟ್ಟು, ಸಾಯುವ ಯೋಚನೆ ಬರುವುದುಂಟು. ಇದಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಇದು ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲಿ ಮಾತನಾಡಬಹುದು, ಹಣವಿಲ್ಲ, ಹೆಸರು ಹೇಳಲೇಬೇಕೆಂದಿಲ್ಲ. ಫೋನ್ ಹಚ್ಚಲು ಬಾರದಿದ್ದರೆ ನಮ್ಮ ವಾರ್ಡಿನ ಸಿಸ್ಟರಿಗೆ ಹೇಳಿರಿ, ಅವರು ಹಚ್ಚಿಕೊಡುತ್ತಾರೆ.